ಬೆಟ್ಟದ ದಾರಿಯಲ್ಲಿ ಒದ್ದೆ ಬಟ್ಟೆ

ಬೆಟ್ಟವನ್ನೇರುವವರಿಗೆ ಚಳಿಯಿಂದ ಪ್ರಾಣಾಪಾಯ ಒದಗುವುದೆಂದರೆ ನಮ್ಮ ಮನಸ್ಸು ಕೂಡಲೇ ಹಿಮಾಲಯದ ಕಡೆಗೆ ಹರಿಯುತ್ತದೆ. ಆದರೆ ನೀರು ಹೆಪ್ಪುಗಟ್ಟುವಷ್ಟು ಚಳಿಯಿಲ್ಲದ ಸಾಧಾರಣ ಗುಡ್ಡಗಳಲ್ಲಿಯೂ ಜನರು ಹೀಗೆ ಸತ್ತಿರುವುದುಂಟು. 1964ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಡರ್ಬಿಷೈರ್ ಗುಡ್ಡಗಾಡಿನಲ್ಲಿ 'ಫೋರ್ ಇನ್ಸ್' ಎಂಬ ನಡಿಗೆಯ ಸ್ಪರ್ಧೆ ನಡೆದಾಗ, ಮಳೆಗಾಳಿಗೆ ಸಿಕ್ಕಿ ಮೂವರು ತರುಣರು ಮಡಿದರು. 1953ರ ಎವರೆಸ್ಟ್ ಯಾತ್ರೆಯಲ್ಲಿದ್ದ ಶರೀರಶಾಸ್ತ್ರಜ್ಞ ಗ್ರಿಫಿತ್ ಪ್ಯೂ ಈ ಸಾವುಗಳನ್ನು ಕುರಿತು ಪರಿಶೀಲನೆ ನಡೆಸಿದರು. ತೊಯ್ದ ಬಟ್ಟೆ, ಬೀಸುವ ಗಾಳಿ, ಮೈಯ ಬಳಲಿಕೆ ಇವು ಮೂರೂ ಒಂದುಗೂಡಿದರೆ ಗಟ್ಟಿಮುಟ್ಟಾದ ದೇಹವೂ ತಾಳಲಾರದೆಂಬುದು ಇದರಿಂದ ವಿದಿತವಾಯಿತು.

ಬಟ್ಟೆಯು ತಾನಾಗಿ ಶಾಖವನ್ನು ಕೊಡುವುದಿಲ್ಲ. ಎಳೆಗಳ ನಡುವೆ ನಿಂತ ಗಾಳಿಯೇ ನಮ್ಮ ಮೈಯ ಶಾಖ ಹೊರಗೆ ಹೋಗದಂತೆ ತಡೆಯುತ್ತದೆ. ಬಟ್ಟೆ ತೊಯ್ದಾಗ ಆ ಗಾಳಿಯ ಸ್ಥಾನವನ್ನು ನೀರು ಆಕ್ರಮಿಸುತ್ತದೆ. ನೀರಾದರೋ ನಿಂತ ಗಾಳಿಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚಾಗಿ ಶಾಖವನ್ನು ಸಾಗಿಸುತ್ತದೆ. ಅಷ್ಟೇ ಅಲ್ಲ, ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಅಂಗಿಯೊಂದು 300 ಗ್ರಾಂ ನೀರನ್ನು ಹೀರಿದೆಯೆಂದು ಭಾವಿಸೋಣ. ಅದು ಮೈಮೇಲೆಯೇ ಒಣಗಬೇಕಾದರೆ 174 ಕಿಲೋಕ್ಯಾಲೊರಿ ವೆಚ್ಚವಾಗುತ್ತದೆ. ಅರುವತ್ತು ಕಿಲೋಗ್ರಾಂ ತೂಕದ ದೇಹದ ಉಷ್ಣತೆ ಒಂದು ಡಿಗ್ರಿ ಇಳಿಯಲು ಸುಮಾರು 50 ಕಿಲೋಕ್ಯಾಲೊರಿ ನಷ್ಟವಾದರೆ ಸಾಕು. ಈ ಶಾಖವೆಲ್ಲ ಮೈಯಿಂದಲೇ ಬರಬೇಕಾಗಿಲ್ಲ, ನಿಜ; ನಡೆಯುವ ಸ್ನಾಯುಗಳು ಹೊಸ ಶಾಖವನ್ನು ಒದಗಿಸುತ್ತಲೂ ಇರುತ್ತವೆ. ಆದರೆ ಬಳಲಿ ಕುಳಿತೊಡನೆ ಆ ವರಮಾನ ನಿಲ್ಲುತ್ತದೆ, ವೆಚ್ಚ ಮಾತ್ರ ನಿಲ್ಲುವುದಿಲ್ಲ.

ನಮ್ಮ ಮುಳ್ಳಯ್ಯನಗಿರಿಯನ್ನೇ ನೋಡೋಣ. 1930 ಮೀಟರ್ ಎತ್ತರದ ಈ ಶಿಖರ ಚಿಕ್ಕಮಗಳೂರು ಪಟ್ಟಣಕ್ಕಿಂತ ಸುಮಾರು 800 ಮೀಟರ್ ಮೇಲಿದೆ. ಸಾವಿರ ಮೀಟರಿಗೆ ಆರೂವರೆ ಡಿಗ್ರಿಯಂತೆ ಲೆಕ್ಕ ಹಾಕಿದರೆ ತುದಿಯಲ್ಲಿ ಐದು ಡಿಗ್ರಿ ತಂಪು ಹೆಚ್ಚು. ಪೇಟೆಯಲ್ಲಿ ಹಿತವಾಗಿದ್ದ ಹತ್ತಿಯ ಅಂಗಿ ಬೆವರಿನಿಂದ ನೆನೆದು, ಬಯಲು ನೆತ್ತಿಯ ಗಾಳಿಗೆ ಸಿಕ್ಕರೆ ನಡುಕ ಹುಟ್ಟಿಸುತ್ತದೆ. ಜೀನ್ಸ್ ಷರಾಯಿಯಂತೂ ಬೆಟ್ಟಕ್ಕೆ ಸಲ್ಲದು. ನೆನೆದರೆ ಭಾರ, ಒಣಗುವುದು ನಿಧಾನ.

ಉಣ್ಣೆಯ ಗುಣ ಬೇರೆ. ಅದು ತನ್ನ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ತೇವವನ್ನು ಹೀರಿಯೂ ಮುಟ್ಟುವವರಿಗೆ ಒಣಗಿದಂತೆಯೇ ತೋರುತ್ತದೆ. ಅದರ ಗುಂಗುರಾದ ಎಳೆಗಳು ಒದ್ದೆಯಲ್ಲಿಯೂ ಅಷ್ಟಿಷ್ಟು ಗಾಳಿಯನ್ನು ಹಿಡಿದಿಡುತ್ತವೆ. ಮಲೆನಾಡಿನ ರೈತರು ಕಂಬಳಿಯನ್ನು ಕೊಪ್ಪೆ ಮಾಡಿ ಹೊದೆದು ಮಳೆಯಲ್ಲಿ ಗದ್ದೆಯ ಕೆಲಸ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ತೊಯ್ದ ಕಂಬಳಿಯ ಭಾರವನ್ನು ಹೊತ್ತು ಬೆಟ್ಟ ಹತ್ತಿರೆಂದು ನಾವು ಹೇಳುತ್ತಿಲ್ಲ. ಮೈಗೆ ತಗಲುವಂತೆ ತೆಳುವಾದ ಉಣ್ಣೆಯ ಅಥವಾ ಪಾಲಿಯೆಸ್ಟರ್ ಅಂಗಿ, ಅದರ ಮೇಲೊಂದು ಸ್ವೆಟರ್, ಎಲ್ಲಕ್ಕೂ ಹೊರಗೆ ಗಾಳಿಮಳೆಗಳನ್ನು ತಡೆಯುವ ಕೋಟು, ಇಷ್ಟಿದ್ದರೆ ಸಾಕು. ಏರುವಾಗ ಬೆವರು ಬರುವ ಮುನ್ನವೇ ಸ್ವೆಟರನ್ನು ತೆಗೆಯಬೇಕು. ನಿಂತಾಗ ಚಳಿಯಾಗುವ ಮುನ್ನವೇ ತೊಡಬೇಕು. ಪ್ಲಾಸ್ಟಿಕ್ ಕೋಟಿನ ಕೊರಳನ್ನು ಬಿಗಿಯಾಗಿ ಮುಚ್ಚಿ ನಡೆದರೆ ಬೆವರಿನ ಆವಿ ಒಳಗೇ ನೀರಾಗಿ, ಮಳೆಯಿಲ್ಲದೆಯೇ ನೆನೆಯುತ್ತೇವೆ! ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಒಂದು ಜೊತೆ ಒಣಬಟ್ಟೆ ಚೀಲದ ತಳದಲ್ಲಿ ಇದ್ದೇ ಇರಲಿ.

ಪಾದರಕ್ಷೆ ಪಾಚಿಗಟ್ಟಿದ ಬಂಡೆಯ ಮೇಲೆ ಜಾರದಂತಿರಬೇಕು. ಹೊಸದನ್ನು ಅಂದೇ ಮೆಟ್ಟಿ ಹೊರಟರೆ ಬೊಕ್ಕೆ ತಪ್ಪದು. ಮಳೆಗಾಲದ ಕಾಡಿನಲ್ಲಿ ಇಂಬಳಗಳ ಕಾಟವಿರುವುದರಿಂದ ಕಾಲುಚೀಲ ಉದ್ದವಾಗಿರಲಿ. ಟಾರ್ಚು, ನೀರು, ಬೆಲ್ಲ ಕಡಲೆಕಾಯಿಗಳ ಜೊತೆಗೆ ಒಂದು ಸೀಟಿಯನ್ನೂ ಇಟ್ಟುಕೊಳ್ಳಬೇಕು. ನಿಮಿಷಕ್ಕೆ ಆರು ಸಲ ಊದಿ, ಒಂದು ನಿಮಿಷ ತಡೆದು ಮತ್ತೆ ಊದುವುದು ಬೆಟ್ಟಗಳಲ್ಲಿ ಆಪತ್ತನ್ನು ಸೂಚಿಸುವ ಕ್ರಮ.

ಜೊತೆಯವರಲ್ಲಿ ಯಾರಾದರೂ ನಡುಗುತ್ತ ಎಡವತೊಡಗಿದರೆ, ಮಾತು ತೊದಲಿದರೆ, ಕಾರಣವಿಲ್ಲದೆ ಸಿಡುಕಿದರೆ, ಅದನ್ನು ಬರಿಯ ಆಯಾಸವೆಂದು ಬಗೆಯಬಾರದು. ದೇಹದ ಒಳಗಿನ ಉಷ್ಣತೆ 37 ಡಿಗ್ರಿಯಿಂದ 35ರ ಕಡೆಗೆ ಇಳಿಯುತ್ತಿರಬಹುದು. ಗಾಳಿಯ ಮರೆಗೆ ಕರೆದೊಯ್ದು, ಒದ್ದೆಯನ್ನು ತೆಗೆದು ಒಣಬಟ್ಟೆ ತೊಡಿಸಿ, ತಲೆಯನ್ನೂ ಮುಚ್ಚಬೇಕು. ಪ್ರಜ್ಞೆ ಚೆನ್ನಾಗಿದ್ದು ನುಂಗಬಲ್ಲವರಾದರೆ ಸಿಹಿಯಾದ ಬಿಸಿ ಪಾನೀಯವನ್ನು ಕೊಡಬಹುದು. ಮದ್ಯವನ್ನು ಮಾತ್ರ ಕೊಡಕೂಡದು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗೆ ಉಳಿದ ಶಾಖವನ್ನೂ ಹೊರಕ್ಕೆ ಬಿಡುತ್ತದೆ.