ಎರೆನೆಲದಲ್ಲಿ ಗುಲಾಬಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸುತ್ತ ಮಸಾರಿಯೂ ಉಂಟು, ಎರೆಯೂ ಉಂಟು. ಮಸಾರಿಯ ಹಿತ್ತಲಲ್ಲಿ ನಳನಳಿಸುವ ಗುಲಾಬಿ ಎರೆಯಲ್ಲಿ ಒಂದೇ ಮಳೆಗಾಲಕ್ಕೆ ಸೊರಗುವುದನ್ನು ನಾವು ಕಾಣುತ್ತೇವೆ. ನೀರು ಸಾಲದೆಂದು ಬಗೆದು ಇನ್ನಷ್ಟು ಎರೆದರೆ ಗಿಡ ಇನ್ನಷ್ಟು ಬೇಗ ಸಾಯುತ್ತದೆ. ಕಾರಣವೇನು?

ಒಂದು ಸೆಂಟಿಮೀಟರ್ ಅಂಚಿನ ಘನವೊಂದನ್ನು ಊಹಿಸಿರಿ. ಅದರ ಮೈಯ ಕ್ಷೇತ್ರಫಲ 6 ಚದರ ಸೆಂಟಿಮೀಟರ್. ಅದನ್ನೇ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಅಂಚುಳ್ಳ ಘನಗಳಾಗಿ ಕತ್ತರಿಸಿದರೆ ಒಟ್ಟು ಕ್ಷೇತ್ರಫಲ 6 ಚದರ ಮೀಟರ್ ಆಗುತ್ತದೆ! ಜೇಡಿಯ ಕಣಗಳು ಹೆಚ್ಚುಕಡಿಮೆ ಇಷ್ಟು ಸೂಕ್ಷ್ಮವಾದುವು. ಇಷ್ಟು ವಿಶಾಲವಾದ ಮೈಗೆಲ್ಲ ನೀರು ಅಂಟಿಕೊಳ್ಳುತ್ತದೆ. ಎರೆಯ ಜೇಡಿಯಾದರೋ ತನ್ನ ಪದರಗಳ ನಡುವೆಯೂ ನೀರನ್ನು ಸೇರಿಸಿಕೊಂಡು ಉಬ್ಬುತ್ತದೆ. ಆಗ ಮಣ್ಣಿನಲ್ಲಿ ಗಾಳಿಗೆ ಎಡೆಯೆಲ್ಲಿ? ಆಮ್ಲಜನಕವು ಗಾಳಿಯಲ್ಲಿ ಹರಡುವ ವೇಗದ ಸುಮಾರು ಹತ್ತು ಸಾವಿರದಲ್ಲೊಂದು ಪಾಲು ವೇಗದಿಂದ ಮಾತ್ರ ನೀರಿನಲ್ಲಿ ಹರಡಬಲ್ಲುದು. ಆದುದರಿಂದ ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಎರೆಯಲ್ಲಿ ಆಳವಾದ ಗುಂಡಿ ತೋಡಿ ಒಳ್ಳೆಯ ಮಣ್ಣು ತುಂಬುವುದೂ ಉಪಾಯವಲ್ಲ. ಸುತ್ತಲಿನ ಜೇಡಿ ಬೋಗುಣಿಯಂತೆ ನೀರನ್ನು ಹಿಡಿದಿಡುತ್ತದೆ. ನೆಲದ ಮೇಲೆಯೇ ಒಂದಡಿ ಎತ್ತರದ ಮಡಿ ಕಟ್ಟಿ, ಮಸಾರಿ ಮಣ್ಣಿಗೆ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡುವುದು ಲೇಸು. ಹಳದಿ ಎಲೆಯನ್ನೂ ಪರೀಕ್ಷಿಸಬೇಕು. ಚಿಗುರೆಲೆಯ ನರಗಳು ಹಸುರಾಗಿಯೇ ಉಳಿದು ನಡುವಿನ ಭಾಗ ಹಳದಿಯಾಗಿದ್ದರೆ ಅದು ಬಹುಮಟ್ಟಿಗೆ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿದ ಎರೆಯಲ್ಲಿ ಕಬ್ಬಿಣವಿದ್ದರೂ ಬೇರಿಗೆ ದಕ್ಕದು.

ಇನ್ನು ಜಾತಿಯ ಮಾತು. ದಂಟಿಗೊಂದು ದೊಡ್ಡ ಹೂ ಬಿಡುವ ಹೈಬ್ರಿಡ್ ಟೀ ಗುಲಾಬಿಗಳೇ ಎಲ್ಲರ ಕಣ್ಣನ್ನೂ ಸೆಳೆಯುತ್ತವೆ. 1867ರ ಫ್ರಾನ್ಸಿನ 'ಲಾ ಫ್ರಾನ್ಸ್' ಈ ವರ್ಗದ ಮೊದಲನೆಯದೆಂದು ಪರಿಗಣಿತವಾಗಿದೆ. ಇವು ಬಹಳ ಆರೈಕೆ ಬೇಡುತ್ತವೆ. ಹೊಸಬರಿಗೆ ಗೊಂಚಲು ಹೂವಿನ ಫ್ಲೋರಿಬಂಡವೇ ಮೇಲೆಂಬುದು ನಮ್ಮ ಅಭಿಪ್ರಾಯ. ಹಾರಕ್ಕೂ ಪರಿಮಳಕ್ಕೂ ಎಡ್ವರ್ಡ್ ಗುಲಾಬಿಯಿದೆ. ಕಡ್ಡಿ ನೆಟ್ಟರೂ ಅದು ಬೇರುಬಿಡುತ್ತದೆ. ಕಡುಗೆಂಪು ಹೂಗಳಿಗೆ ಮಾತ್ರ ಮಧ್ಯಾಹ್ನದ ನೆರಳು ಬೇಕು. ಗಾಢ ಬಣ್ಣ ಹೆಚ್ಚು ಬೆಳಕನ್ನು ಹೀರಿ ಕಾಯುವುದರಿಂದ ನಮ್ಮ ಏಪ್ರಿಲ್ ಬಿಸಿಲಿಗೆ ಎಸಳಿನ ಅಂಚು ಕರಕಾಗುತ್ತದೆ.

ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಕೊಂಬೆಗಳನ್ನು ಸವರಿದರೆ ಆರೇಳು ವಾರಗಳಲ್ಲಿ ಹೂ ಕಾಣಬಹುದು. ಕೊಂಡು ತಂದ ಗಿಡಗಳು ಸಾಮಾನ್ಯವಾಗಿ ಕಣ್ಣು ಕಸಿಯವು. ಕಸಿಯ ಗಂಟಿನ ಕೆಳಗಿನಿಂದ ಚಿಗುರು ಹೊರಟರೆ ಬುಡಸಮೇತ ಕಿತ್ತುಹಾಕಬೇಕು. ಇಲ್ಲವಾದರೆ ಆಳು ಒಡೆಯನ ಗದ್ದುಗೆಯೇರಿದಂತೆ ಬುಡದ ಕಾಡುಗಿಡವೇ ಹಬ್ಬಿಬಿಡುತ್ತದೆ. "ನಮ್ಮ ಗುಲಾಬಿ ಬಣ್ಣ ಬದಲಿಸಿತು" ಎಂದು ಜನರು ಅಚ್ಚರಿಪಡುವುದು ಹೆಚ್ಚಾಗಿ ಇದನ್ನು ಕಂಡೇ.