ಕೂರಿಗೆಯವರ ಮುಂದೆ ಬಿತ್ತುವವನ ಕಥೆ

ನಾರಾಯಣಪೇಟೆ, ಮಕ್ತಲ್, ಗದ್ವಾಲ ಸುತ್ತಿನ ಸಭೆಗಳಲ್ಲಿ ವಾಕ್ಯ ಹೇಳುತ್ತ ಬಂದವನು ನಾನು. ಇಲ್ಲಿ ಎಷ್ಟೋ ಮನೆಗಳಲ್ಲಿ ಮಾತು ಕನ್ನಡ, ಮಕ್ಕಳ ಶಾಲೆ ತೆಲುಗು. ಪ್ರಸಂಗ ಮರೆತವರೂ ಅದರೊಳಗಿನ ಕಥೆಯನ್ನು ಹೊಲದವರೆಗೆ ಒಯ್ಯುತ್ತಾರೆ. ಆ ಕಥೆಗಳನ್ನು ಹೇಗೆ ಹೇಳಬೇಕೆಂದು ಅವರೇ ನನಗೆ ಕಲಿಸಿದರು.

1. ಕಸುಬಿನ ಉದಾಹರಣೆಯನ್ನು ಮೊದಲು ಕಸುಬುದಾರರಿಗೆ ಹೇಳಿ ನೋಡಬೇಕು.

ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ರೇಷ್ಮೆ. ಎರಡನ್ನೂ ಕೂಡಿಸುವ ಕೆಲಸಕ್ಕೆ 'ಕುಟ್ಟು' ಎನ್ನುತ್ತಾರೆ. ತೆಲುಗಿನಲ್ಲಿ ಕುಟ್ಟು ಅಂದರೆ ಹೊಲಿಗೆ. ಅದನ್ನೇ ನಂಬಿ, 'ಬೇರೆ ಬೇರೆ ಜನರನ್ನು ಕರ್ತನು ಹೀಗೆ ಹೊಲಿದು ಒಂದು ಸಭೆ ಮಾಡಿದ್ದಾನೆ' ಎಂದುಬಿಟ್ಟೆ. ಆರಾಧನೆ ಮುಗಿದ ಮೇಲೆ ನೇಕಾರರೊಬ್ಬರು ನನ್ನನ್ನು ಮಗ್ಗದ ಹತ್ತಿರ ಕರೆದೊಯ್ದರು. ಒಡಲಿಗೊಂದು, ಎರಡು ಅಂಚಿಗೆ ಎರಡು, ಒಟ್ಟು ಮೂರು ಲಾಳಿ. ನೇಯುವಾಗಲೇ ಹತ್ತಿಯ ಎಳೆ ರೇಷ್ಮೆಯ ಎಳೆಯನ್ನು ಸುತ್ತಿ ಹಿಂದಿರುಗುತ್ತದೆ. "ಹೊಲಿಗಿ ಬಿಚ್ಚಬಹುದ್ರಿ ಅಯ್ಯನವರೆ, ಇದನ್ನ ಬಿಚ್ಚಿದ್ರ ಸೀರಿನೇ ಹೋಗ್ತದ" ಎಂದರು. ನಮ್ಮ ಸಭೆಯಲ್ಲಿ ಕೇರಿ ಕೇರಿಯವರು ಬೇರೆ ಬೇರೆ ಸಾಲು ಹಿಡಿದು ಕೂಡುತ್ತಿದ್ದದ್ದು ಆಗ ನನ್ನ ಕಣ್ಣಿಗೆ ಬಿತ್ತು. ನಾವು ಇನ್ನೂ ಹೊಲಿಗೆಯಲ್ಲೇ ಇದ್ದೆವು.

2. ಯಾರಾದರೂ ತಕರಾರು ತೆಗೆದರೆ ಕಥೆ ನಿಲ್ಲಿಸಿ ಕೇಳಬೇಕು.

ಮತ್ತಾಯ 13ರ ಬಿತ್ತುವವನ ಕಥೆ ಹೇಳುತ್ತಿದ್ದೆ. "ಅವ ದಾರಿ ಮ್ಯಾಲ ಯಾಕ ಚೆಲ್ಲಿದ? ಮುಳ್ಳಿನಾಗ ಯಾಕ ಒಗೆದ?" ಎಂದು ಕೇಳಿದಳು ಒಬ್ಬ ತಾಯಿ. ಕೂರಿಗೆಯ ಬಟ್ಟಲಿಗೆ ಜೋಳ ಬಿಡುತ್ತ ವಯಸ್ಸು ಕಳೆದ ಕೈ ಅವಳದು. ಒಂದು ಕಾಳೂ ಸಾಲು ಬಿಟ್ಟು ಬೀಳಬಾರದು. ಯೇಸುವಿನ ನಾಡಿನಲ್ಲಿ ಕೈಯಿಂದ ಎರಚಿ ಬಿತ್ತುತ್ತಿದ್ದರು ಎಂದು ವಿವರಿಸಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಂದ್ರ ಗಟ್ಟಿ ನೆಲಕ್ಕೂ ಬೀಳಲಿ ಅಂತಾನೇ ಒಗೆದಾನ" ಎಂದಳು. ಈಗ ಆ ಕಥೆಯನ್ನು ಕೂರಿಗೆಯಿಂದಲೇ ಶುರು ಮಾಡುತ್ತೇನೆ.

3. ಎದುರಿಗೆ ಕೂತವರ ಗಾಯ ಗೊತ್ತಿರಬೇಕು.

ಲೂಕ 15ರ ತಪ್ಪಿಹೋದ ಮಗನನ್ನು ಮುಂಬೈಗೆ ಓಡಿಹೋದ ಹುಡುಗ ಎಂದು ಹೇಳಿದೆ. 'ಪಾಲಮೂರು ಲೇಬರ್' ಎಂಬ ಹೆಸರು ಹೊತ್ತು ತಲೆಮಾರುಗಳಿಂದ ದುಡಿಯಲು ಹೊರಗೆ ಹೋದ ಸೀಮೆ ಇದು. "ನನ್ನ ಮಗ ಕೆಡಾಕ ಹೋಗಿಲ್ರಿ, ಮುಂಗಡ ತೀರಿಸಾಕ ಹೋಗ್ಯಾನ" ಎಂದು ತಾಯಿಯೊಬ್ಬಳು ಬಾಗಿಲಲ್ಲಿ ಅತ್ತಳು. ಮರು ಭಾನುವಾರ ಸಭೆಯ ಮುಂದೆಯೇ ತಪ್ಪೊಪ್ಪಿಕೊಂಡೆ. ಈಗ ದೂರದಿಂದಲೇ ಮಗನನ್ನು ಕಂಡ ತಂದೆಯ ಬಗ್ಗೆ ಹೆಚ್ಚು ಹೇಳುತ್ತೇನೆ. ಮಕ್ತಲ್ ಬಸ್ ಸ್ಟ್ಯಾಂಡಿನಲ್ಲಿ ದಾರಿ ಕಾದವರಿಗೆ ಆ ತಂದೆಯನ್ನು ಪರಿಚಯಿಸಬೇಕಿಲ್ಲ.

4. ಪ್ರಾರ್ಥನೆಗೆಂದು ಹೇಳಿಕೊಂಡ ಕಷ್ಟವನ್ನು ಉದಾಹರಣೆಗೆ ತರಬಾರದು. ಹೆಸರು ಬದಲಿಸಿದರೂ ಊರಿಗೆ ಗೊತ್ತಾಗುತ್ತದೆ.

5. ಕಥೆ ತಲುಪಿದ ಕೂಡಲೇ ಬಾಯಿ ಮುಚ್ಚಬೇಕು.

ಒಮ್ಮೆ ಮನೆಗೂಟದಲ್ಲಿ ಕಳೆದ ನಾಣ್ಯದ ಕಥೆ. ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ ಹುಡುಕಿದಳು ಎನ್ನುವಷ್ಟರಲ್ಲಿ ಮೂಲೆಯಲ್ಲಿದ್ದ ಅಜ್ಜಿ ಸೊಂಟದ ಎಲೆಯಡಿಕೆ ಸಂಚಿಯನ್ನು ಮುಟ್ಟಿ ನೋಡಿಕೊಂಡಳು. ನನ್ನ ಚೀಟಿಯಲ್ಲಿ ಇನ್ನೂ ಮೂರು ಅಂಶಗಳಿದ್ದವು. ಮಡಚಿ ಜೇಬಿಗಿಟ್ಟು, ಪ್ರಾರ್ಥನೆ ಮಾಡಲು ಅಜ್ಜಿಯನ್ನೇ ಕೇಳಿಕೊಂಡೆ.