ಹಬ್ಬದ ಪಾಲು

ಓದತಕ್ಕ ಭಾಗಗಳು: ನೆಹೆಮೀಯ 5 ಮತ್ತು 8ನೆಯ ಅಧ್ಯಾಯಗಳು, ಅಪೊಸ್ತಲರ ಕೃತ್ಯಗಳು 6:1–6, 2 ಕೊರಿಂಥ 8:16–21.

ಕ್ರಿಸ್ತಜಯಂತಿಯು ಸಮೀಪಿಸುವಾಗ ಸಭೆಗಳ ಯೌವನಸ್ಥರೂ ಸ್ತ್ರೀಸಂಘದವರೂ ಬಡವರ ಮನೆಗಳಿಗೆ ಅಕ್ಕಿ, ತಿಂಡಿ, ಬಟ್ಟೆಗಳನ್ನು ಒಯ್ದು ಕೊಡುವ ವಾಡಿಕೆಯುಂಟು. ಇದನ್ನು ಯಾವ ರೀತಿಯಲ್ಲಿ ಮಾಡತಕ್ಕದ್ದೆಂಬದನ್ನು ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡು ಎಂಬ ನಾಲ್ಕು ತಾಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಈ ತಿಂಗಳು ವಿಚಾರಿಸುವೆವು.

ನೆಹೆಮೀಯನ 8ನೆಯ ಅಧ್ಯಾಯದಲ್ಲಿ ಜನರೆಲ್ಲರು ಧರ್ಮಶಾಸ್ತ್ರದ ಓದುವಿಕೆಯನ್ನು ಕೇಳಿ ಅತ್ತರು. ಆಗ ಹಿರಿಯರು ಅವರನ್ನು ಸಂತೈಸಿ, ಮನೆಗೆ ಹೋಗಿ ಹಬ್ಬದ ಊಟವನ್ನು ಮಾಡಬೇಕೆಂದೂ ತಮಗಾಗಿ ಏನೂ ಸಿದ್ಧಮಾಡಿಕೊಳ್ಳದವರಿಗೆ ಪಾಲನ್ನು ಕಳುಹಿಸಬೇಕೆಂದೂ ಹೇಳಿದರು. ಇಲ್ಲಿ ಮೂರು ಮಾತುಗಳನ್ನು ಗಮನಿಸಿರಿ. ಕಳುಹಿಸಿದ್ದು ಉಳಿದ ಊಟವಲ್ಲ, ಅದೇ ಅಡಿಗೆಯ ಪಾಲು. ಬಡವನನ್ನು ಕರೆತಂದು ಸಾಲಿನಲ್ಲಿ ನಿಲ್ಲಿಸಲಿಲ್ಲ, ಪಾಲೇ ಅವನ ಮನೆಗೆ ಹೋಯಿತು. ಅವನ ಮನೆಯಲ್ಲಿ ಯಾಕೆ ಸಿದ್ಧವಾಗಲಿಲ್ಲವೆಂದು ಯಾರೂ ವಿಚಾರಣೆ ನಡಿಸಲಿಲ್ಲ.

ಆದರೆ ಇದೇ ಗ್ರಂಥದ 5ನೆಯ ಅಧ್ಯಾಯವನ್ನು ಬಿಟ್ಟು 8ನೆಯದನ್ನು ಓದುವವರು ಬಹುಮಂದಿ. ಅದರಲ್ಲಿ ಬಡವರು ಕ್ಷಾಮದ ದೆಸೆಯಿಂದ ಹೊಲ, ತೋಟ, ಮನೆಗಳನ್ನು ಒತ್ತೆಯಿಟ್ಟರು. ಕೆಲವರು ತಮ್ಮ ಮಕ್ಕಳನ್ನೇ ದಾಸತ್ವಕ್ಕೆ ಕೊಟ್ಟರು. ನೆಹೆಮೀಯನು ಶ್ರೀಮಂತರನ್ನು ಕೂಡಿಸಿ ಗದರಿಸಿ, ಹೊಲಗಳನ್ನೂ ಬಡ್ಡಿಯನ್ನೂ ಹಿಂದಕ್ಕೆ ಕೊಡಿಸಿದನು. ಹಬ್ಬದ ಪಾಲನ್ನು ಕಳುಹಿಸುವ ಅಪ್ಪಣೆಯು ಇದಾದ ಮೇಲೆ ಬಂದದ್ದು. ಈ ಕ್ರಮವು ಸುಮ್ಮನೆ ಬಿದ್ದದ್ದಲ್ಲವೆಂದು ನನ್ನ ಅಭಿಪ್ರಾಯ. ಕೂಲಿಯನ್ನು ತಡೆಹಿಡಿದ ಕೈಯಿಂದಲೇ ಹಬ್ಬದ ಸೀರೆಯು ಬಂದರೆ ಅದನ್ನು ತೆಗೆದುಕೊಳ್ಳುವವಳಿಗೆ ಲೆಕ್ಕವು ಚೆನ್ನಾಗಿ ತಿಳಿದಿರುತ್ತದೆ.

ನಮ್ಮ ನಾಡಿಗೆ ಇದು ದೂರದ ಕಥೆಯಲ್ಲ. ಹಳಿಯಾಳ, ಮುಂಡಗೋಡು ಮತ್ತು ನೆರೆಯ ಯಲ್ಲಾಪುರದ ಕಾಡಂಚಿನಲ್ಲಿರುವ ಸಿದ್ಧಿ ಜನರ ಪೂರ್ವಿಕರು ಆಫ್ರಿಕದಿಂದ ಪಶ್ಚಿಮ ಕರಾವಳಿಗೆ ಬಂದವರು. ಅವರಲ್ಲಿ ಅನೇಕರನ್ನು ಪೋರ್ತುಗೀಸರು ದಾಸರನ್ನಾಗಿ ತಂದರು. ಗೋವೆಯಿಂದ ತಪ್ಪಿಸಿಕೊಂಡವರು ಈ ಅರಣ್ಯವನ್ನು ಹೊಕ್ಕರು. ಇಲ್ಲಿಯೂ ಬಹು ಕುಟುಂಬಗಳು ಸಾಲಕ್ಕಾಗಿ ಒಡೆಯರ ಮನೆಯಲ್ಲಿ ಜೀತವಿದ್ದವು. ಜೀತಪದ್ಧತಿಯು 1976ರ ಕಾನೂನಿನಿಂದ ರದ್ದಾಯಿತು; 2003ರಲ್ಲಿ ಸಿದ್ಧಿಗಳು ಪರಿಶಿಷ್ಟ ಪಂಗಡವೆಂದು ಎಣಿಸಲ್ಪಟ್ಟರು. ಇದ್ದಾಗ್ಯೂ ಸಾಲದ ಭಯವು ಬಡವರ ಮನೆಯನ್ನು ಬಿಟ್ಟು ಹೋಗಲಿಲ್ಲ. ಸಣ್ಣ ಸಾಲಗಳ ಬಲಾತ್ಕಾರದ ವಸೂಲಿಯನ್ನು ತಡೆಯುವದಕ್ಕೆ ಕರ್ನಾಟಕ ಸರಕಾರವು 2025ರಲ್ಲಿ ಪ್ರತ್ಯೇಕ ಕಾನೂನನ್ನೇ ಮಾಡಬೇಕಾಯಿತು. ಹೀಗಿರಲಾಗಿ ಕಾಣಿಕೆಯ ಪಟ್ಟಿಯನ್ನು ಬರೆಯುವ ಮೊದಲು, ನಮ್ಮ ಸಭೆಯವರಿಂದ ಯಾರಿಗಾದರೂ ಕೂಲಿಯು ಸಲ್ಲಬೇಕಾಗಿದೆಯೋ ಎಂದು ಹಿರಿಯರು ವಿಚಾರಿಸಲಿ. ಧರ್ಮೋಪದೇಶಕಾಂಡದ 24ನೆಯ ಅಧ್ಯಾಯವು ಕೂಲಿಯವನ ಸಂಬಳಕ್ಕೆ ಹೊತ್ತು ಮುಣುಗುವಷ್ಟೇ ವಾಯಿದೆಯನ್ನು ಕೊಡುತ್ತದೆ.

ಇನ್ನು ಯಾರಿಗೆ ಕೊಡುವದೆಂಬ ಮಾತು. ಯೆರೂಸಲೇಮಿನ ಸಭೆಯಲ್ಲಿ ದಿನದಿನದ ಹಂಚಿಕೆಯು ನಡೆಯುತ್ತಿದ್ದರೂ ಗ್ರೀಕ್ ಮಾತಾಡುವ ವಿಧವೆಯರು ಬಿಟ್ಟುಹೋದರು. ಹಗೆತನದಿಂದ ಹಾಗಾಯಿತೆಂದು ಲೂಕನು ಬರೆದಿಲ್ಲ. ಅವರ ಭಾಷೆಯನ್ನು ಆಡುವವರು ಹಂಚುವವರಲ್ಲಿ ಇರಲಿಲ್ಲವೆಂದು ತೋರುತ್ತದೆ, ಯಾಕಂದರೆ ಆಮೇಲೆ ಆರಿಸಿಕೊಂಡ ಏಳು ಮಂದಿಯ ಹೆಸರುಗಳೆಲ್ಲವೂ ಗ್ರೀಕ್ ಹೆಸರುಗಳೇ. ನಮ್ಮ ನಾಲ್ಕು ತಾಲೂಕುಗಳಲ್ಲಿ ಕನ್ನಡದ ಸಂಗಡ ಕೊಂಕಣಿ, ಮರಾಠಿ, ಉರ್ದು, ಟಿಬೇಟಿ ಮಾತುಗಳು ಕೇಳಬರುತ್ತವೆ. ಸಿದ್ಧಿಗಳಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಇದ್ದಾರೆ. ಮತವನ್ನು ಕೇಳಿ ಪಾಲು ಕೊಡುವವನು ಅಂಥ ಕೇರಿಯಲ್ಲಿ ಒಂದೇ ಬಳಗವನ್ನು ಎರಡಾಗಿ ಸೀಳುವನು. ಆದದರಿಂದ ಪ್ರತಿ ಕೇರಿಗೆ ಅಲ್ಲಿಯ ಮಾತನ್ನು ಬಲ್ಲ ಒಬ್ಬ ಅಕ್ಕನನ್ನಾಗಲಿ ಅಣ್ಣನನ್ನಾಗಲಿ ಮೊದಲೇ ನೇಮಿಸಿಕೊಳ್ಳಿರಿ.

ಊರೂರಿನ ಕೊರತೆಯೂ ಒಂದೇ ತರದ್ದಲ್ಲ. ಜೋಯಿಡಾದ ಕುಣಬಿಗಳು ಗೆಡ್ಡೆಗೆಣಸು ಬೆಳೆಯುವದರಲ್ಲಿ ನಿಪುಣರು. ಅವರಿಗೆ ಆಹಾರದ ಜ್ಞಾನವನ್ನು ನಾವು ಕಲಿಸಬೇಕಾಗಿಲ್ಲ. ಮಳೆಗಾಲದಲ್ಲಿ ದಾರಿ ಕೆಟ್ಟು ಅಂಗಡಿಯೂ ಆಸ್ಪತ್ರೆಯೂ ದೂರವಾಗುವದೇ ಅಲ್ಲಿಯ ಕಷ್ಟ. ದಾಂಡೇಲಿಯು 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯ ಸುತ್ತ ಬೆಳೆದ ಊರು. ಅಲ್ಲಿ ಬಡತನವು ಸಿಮೆಂಟಿನ ಗೋಡೆಯ ಹಿಂದೆ ಅಡಗಿರುತ್ತದೆ, ಗುತ್ತಿಗೆಯ ಕೆಲಸ ತಪ್ಪಿದವನು ತನ್ನ ನೆರೆಯವನಿಗೂ ಹೇಳುವದಿಲ್ಲ. ಹಳಿಯಾಳದ ಸುತ್ತ ಕಬ್ಬು ಕಡಿಯುವ ಕಾಲದಲ್ಲಿ ಪರಸ್ಥಳದ ಗುಂಪುಗಳು ಬಂದು ಗುಡಿಸಲು ಹಾಕಿಕೊಳ್ಳುತ್ತವೆ. ಡಿಸೆಂಬರದ ಚಳಿಯಲ್ಲಿ ಆ ಮಕ್ಕಳು ಕಬ್ಬಿನ ರವದಿಯ ಮೇಲೆ ಮಲಗುವಾಗ, ಊರಿನ ಯಾವ ಪಟ್ಟಿಯಲ್ಲಿಯೂ ಅವರ ಹೆಸರು ಇರುವದಿಲ್ಲ. ಹಬ್ಬದಲ್ಲಿ ಪರದೇಶಿಯನ್ನು ಮರೆಯಬಾರದೆಂದು ಧರ್ಮೋಪದೇಶಕಾಂಡದ 16ನೆಯ ಅಧ್ಯಾಯವು ಹೇಳುವದು ಇಂಥವರ ವಿಷಯದಲ್ಲಿಯೇ. ಮುಂಡಗೋಡಿನಲ್ಲಿ 1966ರಲ್ಲಿ ನೆಲೆಗೊಂಡ ಟಿಬೇಟಿನ ನಿರಾಶ್ರಿತರು ಪರಸಹಾಯದಿಂದ ಜೀವನವನ್ನು ಪ್ರಾರಂಭಿಸಿದವರು. ಈಗ ಸುತ್ತಲಿನ ಹಳ್ಳಿಗಳ ಕೂಲಿಯವರು ಅವರಲ್ಲಿ ಕೆಲಸಕ್ಕೆ ಹೋಗುತ್ತಾರೆ.

ಏನನ್ನು ಕೊಡುವದು? ಅನ್ನಭಾಗ್ಯವು 2013ರಲ್ಲಿ ಪ್ರಾರಂಭವಾದಂದಿನಿಂದ ಪಡಿತರ ಚೀಟಿಯುಳ್ಳ ಮನೆಗೆ ಅಕ್ಕಿಯು ಸಿಕ್ಕುತ್ತದೆ. ಅಂಥ ಮನೆಗೆ ಅಕ್ಕಿಯ ಚೀಲಕ್ಕಿಂತ ತೊಗರಿಬೇಳೆ, ಎಣ್ಣೆ, ಬೆಲ್ಲ, ತೆಂಗಿನಕಾಯಿಗಳು ಪ್ರಯೋಜನವಾದವು. ಅವುಗಳಿಂದ ತಾಯಿಯು ತನ್ನ ಒಲೆಯಲ್ಲಿಯೇ ಕಡಬನ್ನೋ ಹೋಳಿಗೆಯನ್ನೋ ಮಾಡಿ ಮಕ್ಕಳಿಗೆ ತನ್ನ ಕೈಯಿಂದ ಬಡಿಸುವಳು. ಈ ಸಂತೋಷವನ್ನು ಅವಳಿಂದ ಕಸಕೊಳ್ಳಬಾರದು. ಚೀಟಿಯಿಲ್ಲದವರಿಗೆ ಅಕ್ಕಿಯೇ ಬೇಕು. ಹರಿದ ಬಟ್ಟೆಯನ್ನು ಕಾಣಿಕೆಯೆಂದು ಕಟ್ಟಿಕೊಡುವದು ಬೇಡ. ಹಳೇ ಬಟ್ಟೆಗೆ ಬೇರೆ ಮಾರ್ಗವುಂಟು: ಸಿದ್ಧಿ ಸ್ತ್ರೀಯರು ಅಂಥ ತುಂಡುಗಳನ್ನು ಕೂಡಿಸಿ, ನಾಲ್ಕು ಮೂಲೆಗಳಿಗೂ ಮಡಿಸಿದ ಮುಕ್ಕೋನೆ ಹೂವುಗಳನ್ನು ಇಟ್ಟು, ಸುಂದರವಾದ ಕೌದಿಗಳನ್ನು ಹೊಲಿಯುತ್ತಾರೆ. ಸಭೆಯು ತಕ್ಕ ಕ್ರಯಕ್ಕೆ ಕೆಲವು ಕೌದಿಗಳನ್ನು ಕೊಂಡು ಚಳಿಯಲ್ಲಿರುವ ಮುದುಕರಿಗೂ ಗುಡಿಸಲಿನ ಕೂಸುಗಳಿಗೂ ಕೊಟ್ಟರೆ ಒಂದೇ ಹಣದಿಂದ ಎರಡು ಮನೆಗಳಿಗೆ ಹಬ್ಬವಾಗುವದು.

ಕೊಡುವವರು ಇಬ್ಬಿಬ್ಬರಾಗಿ ಸಾಯಂಕಾಲ ಮನೆಗೆ ಹೋಗಲಿ, ಕೂತು ಕ್ಷೇಮವನ್ನು ಕೇಳಲಿ, ಚಹ ಕೊಟ್ಟರೆ ಕುಡಿಯಲಿ. ಮೊಬೈಲಿನಲ್ಲಿ ಪಟ ತೆಗೆಯುವದು ಬೇಡವೇ ಬೇಡ. ದಾನ ಕೊಡುವಾಗ ತುತೂರಿ ಊದಿಸಬಾರದೆಂದು ಕರ್ತನು ಮತ್ತಾಯ 6ರಲ್ಲಿ ಎಚ್ಚರಿಸಿದ್ದಾನೆ, ನಮ್ಮ ಕಾಲದ ತುತೂರಿಯು ಕಿಸೆಯಲ್ಲಿರುತ್ತದೆ. ಹಣದ ಲೆಕ್ಕವನ್ನಾದರೋ ಬಹಿರಂಗವಾಗಿ ಸಭೆಯ ಮುಂದೆ ಓದತಕ್ಕದ್ದು. ಪೌಲನು ಸಹ ಕೂಡಿಸಿದ ಧರ್ಮಹಣವನ್ನು ಒಬ್ಬನೇ ಒಯ್ಯದೆ, ಸಭೆಗಳು ನೇಮಿಸಿದವನನ್ನು ಜೊತೆಗೆ ಕರಕೊಂಡನು.

ಕಡೆಗೆ ಕಾಲದ ವಿಷಯ. ಡಿಸೆಂಬರವು ಈ ಕಡೆಯಲ್ಲಿ ಸುಗ್ಗಿಯ ಹೊತ್ತು. ಗದ್ದೆಯಲ್ಲಿ ಕೆಲಸವಿದೆ, ಮನೆಯಲ್ಲಿ ಹೊಸ ಭತ್ತವಿದೆ. ಒಲೆಯು ತಣ್ಣಗಾಗುವದು ಆಷಾಢ, ಶ್ರಾವಣಗಳ ಜಡಿಮಳೆಯಲ್ಲಿ. ಮಳೆಗಾಲಕ್ಕೆ ಸರಕಾರವು ಸಿದ್ಧಿ ಮುಂತಾದ ಅರಣ್ಯವಾಸಿ ಪಂಗಡಗಳಿಗೆ ಬೇಳೆ, ಎಣ್ಣೆ, ಮೊಟ್ಟೆ ಮುಂತಾದ ಪೌಷ್ಟಿಕ ಆಹಾರವನ್ನು ಕೊಡಲು ಯೋಜನೆ ಮಾಡಿದ್ದು ಇದೇ ಕಾರಣದಿಂದ. ಹಬ್ಬದ ಕಾಣಿಕೆಯಲ್ಲಿ ಅರ್ಧವನ್ನಾದರೂ ಆ ತಿಂಗಳುಗಳಿಗೆ ಇಡುವದು ಬುದ್ಧಿವಂತಿಕೆ. ಮಿಜೋರಾಮಿನ ಕ್ರೈಸ್ತ ಸ್ತ್ರೀಯರು 1910ರಿಂದ ಪ್ರತಿ ಅಡಿಗೆಯಲ್ಲಿ ಒಂದು ಹಿಡಿ ಅಕ್ಕಿಯನ್ನು ಸಭೆಗೆಂದು ತೆಗೆದಿಡುತ್ತಾ ಬಂದಿದ್ದಾರೆ. ಹಿಡಿಗೆ 50 ಗ್ರಾಮಿನಂತೆ ದಿನಕ್ಕೆ ಎರಡು ಸಾರಿ ತೆಗೆದಿಟ್ಟರೆ ಒಂದು ಮನೆಯಿಂದ ತಿಂಗಳಿಗೆ 3 ಕಿಲೋ; 20 ಮನೆಗಳಿಂದ ಜನವರಿಯಿಂದ ಜೂನಿನ ತನಕ 360 ಕಿಲೋ. ಇದರಿಂದ 12 ಮನೆಗಳಿಗೆ 30 ಕಿಲೋ ಬರುವದು. ಅಕ್ಕಿ ಬೇಡದ ಮನೆಗೆ ಅದನ್ನು ಮಾರಿ ಬೇಳೆಯನ್ನು ತರಬಹುದು. ಕೂಡಿದ ಅಕ್ಕಿಯನ್ನು ಬಿಸಿಲಿನಲ್ಲಿಡದೆ ನೆರಳಿನಲ್ಲಿ ಆರಿಸಿ, ಬೇವಿನ ಒಣ ಎಲೆಗಳನ್ನು ಹಾಕಿ, ಬಿಗಿಯಾದ ಡಬ್ಬಿಯಲ್ಲಿ ಇಡಿರಿ. ಸುಗ್ಗಿಯ ಕಾಣಿಕೆಯಾಗಿ ಬಂದ ಭತ್ತವನ್ನು ಕುಟ್ಟಿಸದೆ ಹಾಗೆಯೇ ಇಡುವದು ಇನ್ನೂ ಒಳ್ಳೇದು. ಸಿಪ್ಪೆಯುಳ್ಳ ಕಾಳಿಗೆ ಹುಳವು ಬೇಗ ಬೀಳುವದಿಲ್ಲ. ಮೇ ತಿಂಗಳಲ್ಲಿ, ಮೊದಲ ಮಳೆಗೆ ಮುಂಚೆ, ಗಿರಣಿಗೆ ಕಳುಹಿಸಿದರೆ ಸಾಕು.